ಬಸುರಿಯ ತಟ್ಟೆ, ತಾಯಿ ಕಾರ್ಡಿನ ತೂಕ

ತುಂಬು ತಿಂಗಳ ಬಸುರಿಯ ತೂಕ ಹನ್ನೆರಡೂವರೆ ಕೆ.ಜಿ. ಏರಿದ್ದರೆ ಅದರಲ್ಲಿ ಮಗುವಿನ ಪಾಲು ಮೂರೂವರೆ ಕೆ.ಜಿ.ಯೊಳಗೇ ಮುಗಿಯುತ್ತದೆ. ಮಾಸು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು, ಮಗುವನ್ನು ಸುತ್ತುವರಿದ ಗರ್ಭದ ನೀರು ಮುಕ್ಕಾಲು ಕೆ.ಜಿ., ಹಿಗ್ಗಿದ ಗರ್ಭಕೋಶ ಒಂದು ಕೆ.ಜಿ., ಹಾಲಿಗೆ ಸಜ್ಜಾಗುವ ಎದೆ ಅರ್ಧಕ್ಕೆ ಹತ್ತಿರ. ಹೆಚ್ಚಿದ ರಕ್ತ ಒಂದೂವರೆ ಕೆ.ಜಿ.ಯ ಆಸುಪಾಸು, ಮೈಯಲ್ಲಿ ನಿಲ್ಲುವ ನೀರು ಇನ್ನೊಂದು ಒಂದೂವರೆ. ಇದೆಲ್ಲ ಕಳೆದು ಉಳಿಯುವ ಮೂರು ಕೆ.ಜಿ.ಗೂ ಮಿಕ್ಕ ಭಾಗ ತಾಯಿಯ ತೊಡೆ, ಸೊಂಟ, ಬೆನ್ನಿನ ಮೇಲೆ ಕೂರುವ ಕೊಬ್ಬು. ಬ್ರಿಟನ್ನಿನ ಸಂಶೋಧಕರಾದ ಹಿಟನ್ ಮತ್ತು ಲೀಚ್ 1960ರ ದಶಕದಲ್ಲಿ ಹಾಕಿಕೊಟ್ಟ ಈ ಲೆಕ್ಕ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆದುಬಂದಿದೆ.

ಆ ಕೊಬ್ಬು ಬೇಡದ ಬೊಜ್ಜಲ್ಲ. ಮಗು ಇನ್ನೂ ಅಂಗೈಯಗಲ ಇರುವ ನಡುವಿನ ತಿಂಗಳುಗಳಲ್ಲೇ ದೇಹ ಅದನ್ನು ಕೂಡಿಡುತ್ತದೆ. ಕೊನೆಯ ತಿಂಗಳುಗಳಲ್ಲಿ ಮಗು ಭರದಿಂದ ಬೆಳೆಯುವಾಗ, ಆಮೇಲೆ ಎದೆಹಾಲು ಇಳಿಯುವಾಗ, ಅದು ಕೈಗೆ ಬರುವ ಗಂಟು. ಗಂಟು ಮೊದಲೇ ಇದ್ದವಳು ಹೊಸದಾಗಿ ಕೂಡಿಡಬೇಕಾದ್ದು ಕಡಿಮೆ. ಬಡಕಲು ಮೈಯವಳು ಕೂಡಿಡಬೇಕಾದ್ದು ಹೆಚ್ಚು. ಬಸುರಿ ಎಷ್ಟು ತೂಕ ಏರಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದು ಅಂಕಿ ಸಿಗದಿರುವುದಕ್ಕೆ ಇದೇ ಕಾರಣ. ಎಲ್ಲಿಂದ ಹೊರಟಳೆಂದು ಗೊತ್ತಾಗದೆ ಎಲ್ಲಿಗೆ ಮುಟ್ಟಬೇಕೆಂದು ಹೇಳಲು ಬರುವುದಿಲ್ಲ.

ಹೊರಟ ಜಾಗವನ್ನು ಅಳೆಯುವುದು ಬಿಎಂಐನಿಂದ: ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪರಿಷ್ಕರಿಸಿದ ಕೋಷ್ಟಕವನ್ನೇ ಪ್ರಪಂಚದ ಹಲವೆಡೆಯ ಪ್ರಸೂತಿ ತಜ್ಞರು ಮುಂದಿಟ್ಟುಕೊಳ್ಳುತ್ತಾರೆ. ಅದರ ಪ್ರಕಾರ ಬಸುರಿಗೆ ಮುಂಚೆ ಬಿಎಂಐ 18.5ಕ್ಕಿಂತ ಕೆಳಗಿದ್ದವರು 12.5ರಿಂದ 18 ಕೆ.ಜಿ., 18.5ರಿಂದ 24.9ರವರು 11.5ರಿಂದ 16 ಕೆ.ಜಿ., 25ರಿಂದ 29.9ರವರು 7ರಿಂದ 11.5 ಕೆ.ಜಿ., ಅದಕ್ಕೂ ಮೇಲಿನವರು 5ರಿಂದ 9 ಕೆ.ಜಿ. ಏರಿದರೆ ಸರಿ. ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ ಎರಡು ಕೆ.ಜಿ. ಸಾಕು, ವಾಂತಿ ಜೋರಾಗಿದ್ದರೆ ಅದೂ ಏರದೆ ಒಂದಿಷ್ಟು ಇಳಿಯುವುದುಂಟು. ಏರಿಕೆಯೆಲ್ಲ ಆಮೇಲಿನದು: ಸಾಧಾರಣ ಮೈಯವರಿಗೆ ವಾರಕ್ಕೆ 400 ಗ್ರಾಂ ಚಿಲ್ಲರೆ, ಸಣಕಲು ಮೈಯವರಿಗೆ ಅರ್ಧ ಕೆ.ಜಿ., ದಪ್ಪಗಿದ್ದವರಿಗೆ ಕಾಲು ಕೆ.ಜಿ.ಯ ಹತ್ತಿರ.

ಒಂದೇ ಅಂಗನವಾಡಿಗೆ ಬರುವ ಓರಗಿತ್ತಿಯರಿಬ್ಬರು, ಇಬ್ಬರೂ 152 ಸೆಂ.ಮೀ. ಎತ್ತರ ಎಂದಿಟ್ಟುಕೊಂಡರೆ ಈ ಕೋಷ್ಟಕದ ಅರ್ಥ ಬಿಡಿಸಿಕೊಳ್ಳುತ್ತದೆ. ಕಳೆ ಕೀಳಲು ಹೋಗುವ ಹಿರಿಯಳ ತೂಕ 40 ಕೆ.ಜಿ., ಬಿಎಂಐ 17.3. ಪೇಟೆಯಿಂದ ಮದುವೆಯಾಗಿ ಬಂದ ಕಿರಿಯಳದು 62 ಕೆ.ಜಿ., ಬಿಎಂಐ 26.8. ಒಂಬತ್ತು ತಿಂಗಳಲ್ಲಿ ಇಬ್ಬರೂ ತಲಾ ಎಂಟು ಕೆ.ಜಿ. ಏರಿದರು, ಕಿರಿಯಳ ಮಟ್ಟಿಗೆ ಅದು ಹದವಾದ ಏರಿಕೆ, ಹಿರಿಯಳ ಮಟ್ಟಿಗೆ ನಾಲ್ಕೂವರೆ ಕೆ.ಜಿ.ಯ ಕೊರತೆ. ಇದು ಪುಸ್ತಕಕ್ಕಾಗಿ ಹೆಣೆದ ಅಪರೂಪದ ಉದಾಹರಣೆಯೇನಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 17 ಮಂದಿ ತೀರ ತೆಳ್ಳಗಿದ್ದರೆ 30 ಮಂದಿ ಅತಿತೂಕದವರು. ಎಲ್ಲ ಬಸುರಿಯರಿಗೂ ‘ಚೆನ್ನಾಗಿ ತಿನ್ನಮ್ಮ’ ಎಂದು ಒಂದೇ ಮಾತು ಹೇಳಿ ಕಳಿಸುವ ಪದ್ಧತಿ ಇಬ್ಬರಲ್ಲಿ ಒಬ್ಬರಿಗಂತೂ ತಪ್ಪುತ್ತದೆ.

ಕೋಷ್ಟಕಕ್ಕೆ ಅದರದೇ ಮಿತಿಗಳಿವೆ. ಅದನ್ನು ಕಟ್ಟಿದ್ದು ಅಮೆರಿಕದ ಹೆಂಗಸರ ಮೇಲೆ. ಭಾರತೀಯರ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ. ಅದಕ್ಕೇ ಇಲ್ಲಿನ ವೈದ್ಯರು 23ನ್ನೇ ಅತಿತೂಕದ ಹೊಸ್ತಿಲೆಂದು, 25ನ್ನು ಬೊಜ್ಜಿನದೆಂದು ಎಣಿಸುತ್ತಾರೆ. ಇನ್ನೊಂದು ತೊಡಕು ಹೆಚ್ಚು ವ್ಯಾವಹಾರಿಕ. ಬಸುರಿಗೆ ಮುಂಚೆ ತೂಕ ಎಷ್ಟಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿ ಮೊದಲ ತೂಕ ಬೀಳುವುದು ಹೆಸರು ನೋಂದಾಯಿಸಿದ ದಿನ. ಅದು ಹನ್ನೆರಡು ವಾರದೊಳಗೆ ಆದರೆ ಮುಂಚಿನ ತೂಕವೆಂದೇ ಹಿಡಿಯಬಹುದು. ನಾಲ್ಕು ತಿಂಗಳು ತುಂಬಲಿ, ಆಮೇಲೆ ಊರಿಗೆ ಹೇಳಿದರಾಯಿತು ಎಂದು ಅತ್ತೆ ಮುಂದೂಡಿದರೆ ಲೆಕ್ಕದ ಮೊದಲ ಸಾಲೇ ಹೋಗಿಬಿಡುತ್ತದೆ. ದೃಷ್ಟಿಯಾದೀತೆಂಬ ಅಂಜಿಕೆಗೆ ತೆರುವ ಬೆಲೆಗಳಲ್ಲಿ ಇದೂ ಒಂದು.

ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾದೀತು ಎಂಬ ಮಾತು ಕರ್ನಾಟಕದಲ್ಲಿ ಹಳೆಯದು. ಅಮೆರಿಕದ ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಒಳತರ್ಕ ಸಿಗುತ್ತದೆ. ಹೊಟ್ಟೆ ಎಂಬುದು ಒಂದೇ ಚೀಲ. ಅನ್ನವೂ ಅಲ್ಲೇ, ವಾಯುವೂ ಅಲ್ಲೇ, ಮಗುವೂ ಅಲ್ಲೇ. ಊಟ ಹೆಚ್ಚಾದರೆ ಮಗುವಿಗೆ ಜಾಗ ಸಾಲದು. ಕನ್ನಡದಲ್ಲಿ ‘ಹೊಟ್ಟೆ’ ಎಂಬ ಒಂದೇ ಪದ ಜಠರಕ್ಕೂ ಗರ್ಭಕ್ಕೂ ಸಲ್ಲುವುದನ್ನು ನೆನೆದರೆ ಈ ನಂಬಿಕೆ ಅಷ್ಟೇನೂ ವಿಚಿತ್ರವೆನಿಸುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುವುದು, ಎದೆಯುರಿ ಏಳುವುದು ಎಲ್ಲ ಬಸುರಿಯರ ಅನುಭವ. ನಂಬಿಕೆಗೆ ಅದೇ ಸಾಕ್ಷಿಯಾಗಿ ನಿಲ್ಲುತ್ತದೆ.

ಇದನ್ನು ಹಳ್ಳಿಯ ಮೌಢ್ಯವೆಂದು ತಳ್ಳಿಹಾಕುವವರು ವೈದ್ಯಶಾಸ್ತ್ರದ ಚರಿತ್ರೆಯನ್ನೂ ಒಮ್ಮೆ ನೋಡಬೇಕು. ಜರ್ಮನಿಯ ಪ್ರೊಕೊವ್ನಿಕ್ ಎಂಬ ವೈದ್ಯ 1889ರಲ್ಲಿ ಕಿರಿದಾದ ಕಟಿಯ ಹೆಂಗಸರಿಗೆ, ಮಗು ಸಣ್ಣದಾಗಿ ಹುಟ್ಟಲೆಂದೇ, ನೀರನ್ನೂ ಹಿಟ್ಟಿನ ಪದಾರ್ಥಗಳನ್ನೂ ಕಡಿತಗೊಳಿಸಿದ ಪಥ್ಯ ಬರೆದುಕೊಟ್ಟ. ಸಿಸೇರಿಯನ್ ಎಂದರೆ ಸಾವೇ ಆಗಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಆ ಕಾಲ ಮುಗಿದ ಮೇಲೂ ಇಪ್ಪತ್ತನೇ ಶತಮಾನದ ನಡುವಿನ ತನಕ ಅಮೆರಿಕದ ಪ್ರಸೂತಿ ತಜ್ಞರು ರಕ್ತದೊತ್ತಡದ ಭಯದಿಂದ ಬಸುರಿಯರ ತೂಕವನ್ನು ಏಳೆಂಟು ಕೆ.ಜಿ.ಗೆ ಕಟ್ಟಿಹಾಕುತ್ತಿದ್ದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 1970ರ ವರದಿ ಬಂದ ಮೇಲಷ್ಟೇ ಆ ಕಟ್ಟು ಸಡಿಲವಾಯಿತು. ಅದಕ್ಕೆ ಮೊದಲೇ ಯುದ್ಧವೊಂದು ಕ್ರೂರ ಪ್ರಯೋಗ ನಡೆಸಿತ್ತು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗ ಹಸಿದಾಗ ತುಂಬು ಬಸುರಿಯರಿಗೆ ಹುಟ್ಟಿದ ಮಕ್ಕಳ ತೂಕ ಕುಸಿಯಿತು. ಬಸುರಿನ ಮೊದಲ ತಿಂಗಳುಗಳಲ್ಲಿ ಬರ ಉಂಡವರ ಮಕ್ಕಳು ಹುಟ್ಟುವಾಗ ತೂಕವಾಗಿದ್ದರೂ ನಡುವಯಸ್ಸಿನಲ್ಲಿ ಹೃದ್ರೋಗ, ಬೊಜ್ಜುಗಳಿಗೆ ಹೆಚ್ಚು ತುತ್ತಾದರು.

ಭಾರತದಲ್ಲಿ ಕಡಿಮೆ ತಿನ್ನುವುದಕ್ಕೆ ನಂಬಿಕೆಯೊಂದೇ ಕಾರಣವಲ್ಲ, ಮನೆಯೊಳಗಿನ ಪಂಕ್ತಿಯ ಕ್ರಮವೂ ಕಾರಣ. ಸಂಶೋಧಕಿ ಡಯೇನ್ ಕಾಫಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2005ರ ಸುಮಾರಿನ ಸಮೀಕ್ಷೆಯ ಕಾಲದಲ್ಲಿ ಭಾರತದ ಹೆಂಗಸರಲ್ಲಿ ನೂರಕ್ಕೆ 42 ಮಂದಿ ತೆಳು ಮೈಯಲ್ಲೇ ಬಸುರು ಶುರು ಮಾಡುತ್ತಿದ್ದರು. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಈ ಪಾಲು 16.5. ಆಮೇಲೆ ಇಲ್ಲಿನವರು ಏರುತ್ತಿದ್ದುದು ಸರಾಸರಿ ಏಳೇ ಕೆ.ಜಿ. ಆಫ್ರಿಕಾಕ್ಕಿಂತ ಸಿರಿವಂತ ದೇಶದಲ್ಲಿ ಹೀಗೇಕೆ ಎಂಬುದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮದುವೆಯಾಗಿ ಬಂದ ಮೊದಲೆರಡು ವರ್ಷ ಸೊಸೆಯದು ಮನೆಯಲ್ಲಿ ಕಟ್ಟಕಡೆಯ ಊಟ. ಬಸುರಾಗುವುದೂ ಅದೇ ಎರಡು ವರ್ಷದೊಳಗೆ. ಪಾತ್ರೆಯ ತಳದಲ್ಲಿ ಸಾರು ಉಳಿದಿರುತ್ತದೆ, ಅದರೊಳಗಿನ ಕಾಳು ಖಾಲಿಯಾಗಿರುತ್ತದೆ.

ಇದಕ್ಕೆ ಎದುರು ನಿಂತ ಗಾದೆಯಂಥ ಮಾತು ‘ಎರಡು ಜೀವಕ್ಕೆ ಉಣ್ಣಬೇಕು’ ಎಂಬುದು. ಎರಡನೆಯ ಜೀವ ಕೇಳುವುದು ಎರಡನೆಯ ತಟ್ಟೆಯನ್ನಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದ್ದು 350 ಕ್ಯಾಲೊರಿ, ಅಂದರೆ ಮಾಮೂಲಿ ಊಟದ ಐದರಲ್ಲೋ ಆರರಲ್ಲೋ ಒಂದು ಭಾಗ. ಒಂದು ತೆಳು ಜೋಳದ ರೊಟ್ಟಿ, ಒಂದು ಹಿಡಿ ಹುರಿದ ಶೇಂಗಾ, ಒಂದು ಲೋಟ ಹಾಲು: ಲೆಕ್ಕ ಅಲ್ಲಿಗೆ ಮುಗಿಯಿತು. ಅದೇ 350 ಕ್ಯಾಲೊರಿ ಎರಡು ಜಿಲೇಬಿಯಿಂದಲೂ ಬರುತ್ತದೆ. ಆದರೆ ರೊಟ್ಟಿ, ಶೇಂಗಾ, ಹಾಲಿನ ಜೊತೆ ಹದಿನೈದು ಗ್ರಾಂ ಪ್ರೋಟೀನು ಬರುತ್ತದೆ, ಜಿಲೇಬಿಯ ಜೊತೆ ಬರುವುದು ಪಾಕ. ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು ಹತ್ತು ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಪ್ರೋಟೀನು ಮಾಮೂಲಿಗಿಂತ ಹೆಚ್ಚು ಬೇಕು. ಬೇಳೆ, ಕಾಳು, ಮೊಟ್ಟೆ, ಹಾಲು, ಮೀನಿನಿಂದ ಅದನ್ನು ತುಂಬಿಕೊಳ್ಳುವುದು ಕಷ್ಟವೇನಲ್ಲ. ಔಷಧಿ ಅಂಗಡಿಯ ಡಬ್ಬಿಗಳಲ್ಲಿ ಬರುವ ಪ್ರೋಟೀನ್ ಪುಡಿಗೆ ಸಂಸಾರದ ದುಡ್ಡು ಸುರಿಯುವವರು ಒಂದು ವಿಷಯ ತಿಳಿದಿರಬೇಕು: ಬರಿಯ ಪ್ರೋಟೀನನ್ನೇ ದಟ್ಟವಾಗಿ ತುಂಬಿದ ಪೂರಕವನ್ನು ಬಸುರಿಯರಿಗೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಹಸಿದ ಸಮುದಾಯಗಳಿಗೆ ಅದು ಒಪ್ಪುವುದು ಶಕ್ತಿ ಮತ್ತು ಪ್ರೋಟೀನು ಹದವಾಗಿ ಬೆರೆತ ಆಹಾರವನ್ನು.

ಅಂಥದೊಂದು ತಟ್ಟೆಯನ್ನು ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಎಂಬ ಹೆಸರಿನಲ್ಲಿ ಅಂಗನವಾಡಿಗಳಲ್ಲಿ ಬಡಿಸತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅನ್ನ, ತರಕಾರಿಯ ಸಾಂಬಾರು ಇಲ್ಲವೆ ಸೊಪ್ಪಿನ ಸಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಮಿ.ಲೀ. ಹಾಲು, ಶೇಂಗಾ ಚಿಕ್ಕಿ. ಉಂಡ ಮೇಲೆ ಕಾರ್ಯಕರ್ತೆಯ ಎದುರಿಗೇ ಕಬ್ಬಿಣಾಂಶದ ಮಾತ್ರೆ. ತಿಂಗಳಿಗೆ 25 ದಿನ. ಹಿಂದೆ ಮನೆಗೆ ಕೊಡುತ್ತಿದ್ದ ರೇಷನ್ ಇಡೀ ಸಂಸಾರದ ಪಾಲಾಗುತ್ತಿತ್ತು, ಬಸುರಿಗೆ ಸಿಗುತ್ತಿದ್ದುದು ಒಂದು ಚಮಚ. ಆಕೆಯನ್ನೇ ಕರೆದು ಕೂರಿಸಿ ಉಣಿಸುವುದು ಇದಕ್ಕೆ ನೇರ ಪರಿಹಾರ. ಕಾಗದದ ಮೇಲೆ ಇದು ತಪ್ಪಿಲ್ಲದ ಯೋಜನೆ. ನೆಲದ ಮೇಲೆ ಅದಕ್ಕೆ ಎದುರಾದದ್ದು ದೂರ, ದೃಷ್ಟಿ, ಜಾತಿ ಮತ್ತು ಕೂಲಿ. ಮಲೆನಾಡಿನ ಒಂಟಿ ಮನೆಯಿಂದ ಅಂಗನವಾಡಿಗೆ ಎರಡು ಕಿ.ಮೀ. ಏರುತಗ್ಗು ಇದ್ದರೆ ಎಂಟು ತಿಂಗಳ ಹೊಟ್ಟೆ ಹೊತ್ತು ದಿನಾ ನಡೆಯುವವರು ಕಡಿಮೆ. ತುಂಬಿದ ಹೊಟ್ಟೆಯನ್ನು ಊರಿಗೆಲ್ಲ ತೋರಿಸಿಕೊಂಡು ಬೀದಿಯಲ್ಲಿ ಹೋಗುವುದು ಅತ್ತೆಯಂದಿರಿಗೆ ಹಿಡಿಸದು. ಕೂಲಿಗೆ ಹೋದವಳು ಮಧ್ಯಾಹ್ನ ಹೊಲ ಬಿಟ್ಟು ಬರಲಾರಳು. ಏಳನೇ ತಿಂಗಳಲ್ಲಿ ಚೊಚ್ಚಲ ಬಸುರಿ ತವರಿಗೆ ಹೊರಡುತ್ತಾಳೆ, ಹೆಸರು ಮಾತ್ರ ಗಂಡನ ಮನೆಯ ಅಂಗನವಾಡಿಯ ರಿಜಿಸ್ಟರಿನಲ್ಲಿ ಉಳಿಯುತ್ತದೆ. ಮಗು ಅತಿ ವೇಗವಾಗಿ ಬೆಳೆಯುವ ತಿಂಗಳುಗಳು ಅವೇ.

ತಟ್ಟೆಯ ಅಳತೆ ಸರಿಯಾದರೂ ತೀರದ ಕೊರತೆ ಕಬ್ಬಿಣದ್ದು. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ, ಕೆಂಪು ಕಣಗಳು ಅದರ ಅರ್ಧ ವೇಗದಲ್ಲಿ ಹೆಚ್ಚುತ್ತವೆ. ಹಾಗಾಗಿ ಒಂದಿಷ್ಟು ತೆಳುವಾಗುವುದು ಸಹಜ. ಸಾಧಾರಣ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕೆಂದರೆ ಬಸುರಿಗೆ 11 ಸಾಕೆನ್ನುವುದು ಈ ಕಾರಣಕ್ಕೆ. ಆ 11 ಕೂಡ ಇಲ್ಲದವರು ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 52, ಕರ್ನಾಟಕದಲ್ಲಿ 46ರ ಹತ್ತಿರ. ಏಳಕ್ಕಿಂತ ಇಳಿದರೆ ಅದು ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಬೇರೆಯವರು ತಾಳಿಕೊಳ್ಳುವಷ್ಟು ರಕ್ತ ಹೋದರೂ ಇಂಥವಳ ಪ್ರಾಣಕ್ಕೆ ಸಂಚಕಾರ.

ಒಂದು ಬಸುರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು ಒಂದು ಗ್ರಾಂ. ಕೇಳಲು ಅತ್ಯಲ್ಪ. ಆದರೆ ಧಾನ್ಯ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಲ್ಲಿ ರಕ್ತಕ್ಕೆ ಇಳಿಯುವುದು ಹತ್ತರಲ್ಲಿ ಒಂದು ಪಾಲೂ ಅಲ್ಲ. ಬೆಲ್ಲ ತಿಂದರೆ ರಕ್ತವಾಗುತ್ತದೆ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಹತ್ತು ಗ್ರಾಂ ಬೆಲ್ಲದ ಅಚ್ಚಿನಲ್ಲಿರುವುದು ಅರ್ಧ ಮಿಲಿಗ್ರಾಂ ಕಬ್ಬಿಣ, ದಿನದ ಅಗತ್ಯ 27 ಮಿಲಿಗ್ರಾಂ. ಬೀಟ್‌ರೂಟಿನ ಕೆಂಪಂತೂ ಬರಿಯ ಬಣ್ಣ, ನೂರು ಗ್ರಾಮಿಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಅದರಲ್ಲಿಲ್ಲ. ನುಗ್ಗೆಸೊಪ್ಪು, ದಂಟು, ಹುರುಳಿ, ಹಸಿಶೇಂಗಾ ಇವು ಮೇಲು. ಅವುಗಳ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಅಥವಾ ಊಟದ ಜೊತೆ ಒಂದು ನೆಲ್ಲಿಕಾಯಿ ಚೂರು ಕಚ್ಚಿದರೆ ಕಬ್ಬಿಣ ಹೀರುವ ಪ್ರಮಾಣ ಏರುತ್ತದೆ; ಉಂಡೊಡನೆ ಟೀ ಕುಡಿದರೆ ಇಳಿಯುತ್ತದೆ. ಹಳೇ ಮೈಸೂರಿನ ಬಸ್ಸಾರಿನಲ್ಲಿ ಸೊಪ್ಪು, ಕಾಳು, ಹುಣಸೆಹುಳಿ ಮೂರೂ ಒಂದೇ ಪಾತ್ರೆಯಲ್ಲಿರುವುದು ಪೋಷಣೆಯ ದೃಷ್ಟಿಯಿಂದ ಅಚ್ಚುಕಟ್ಟು ಜೋಡಣೆ. ಸೊಪ್ಪುಕಾಳು ಬಸಿದ ಕಟ್ಟಿನಲ್ಲಿ ಇಳಿದ ಸತ್ವವನ್ನು ಚೆಲ್ಲದೆ ಅದನ್ನೇ ಸಾರು ಮಾಡುವ ಅಡುಗೆ ಅದು.

ಆದರೂ ಊಟವೊಂದೇ ಸಾಲದು, ಮಾತ್ರೆ ಬೇಕೇ ಬೇಕು. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಜೊತೆಗೆ ಎರಡನೇ ತ್ರೈಮಾಸಿಕದಲ್ಲಿ ಜಂತುಹುಳದ ಒಂದು ಮಾತ್ರೆ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಗಳ ಪಟ್ಟಿ ಅರ್ಧ ಹಾಗೇ ಉಳಿದು, ಹೆರಿಗೆಯಾದ ಮೇಲೆ ಗೂಡಿನಲ್ಲಿ ಧೂಳು ಹಿಡಿಯುವುದು ಸಾಮಾನ್ಯ. ಕಾರಣಗಳು ಕ್ಷುಲ್ಲಕವಲ್ಲ: ಬಾಯಲ್ಲಿ ತುಕ್ಕಿನ ರುಚಿ, ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವುದು. ಕಪ್ಪಾಗುವುದರಿಂದ ಅಪಾಯವಿಲ್ಲವೆಂದು ಮೊದಲೇ ಹೇಳಿದ್ದರೆ ಅರ್ಧ ಮಂದಿ ಮುಂದುವರಿಸಿಯಾರು. ರಾತ್ರಿ ಊಟವಾದ ಸ್ವಲ್ಪ ಹೊತ್ತಿನ ಮೇಲೆ ನುಂಗಿದರೆ ವಾಕರಿಕೆ ನಿದ್ದೆಯಲ್ಲಿ ಕಳೆಯುತ್ತದೆ. ಕ್ಯಾಲ್ಸಿಯಂ ಮಾತ್ರೆ, ಹಾಲು, ಟೀಗಳ ಜೊತೆ ಮಾತ್ರ ನುಂಗಬಾರದು. ಮಾತ್ರೆ ಒಗ್ಗದವರಿಗೆ, ಅಥವಾ ತಿಂಗಳು ತುಂಬುತ್ತ ಬಂದು ಹಿಮೋಗ್ಲೋಬಿನ್ ತೀರ ಕೆಳಗಿದ್ದವರಿಗೆ, ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕವೇ ಕಬ್ಬಿಣ ಏರಿಸುವ ಚಿಕಿತ್ಸೆ ಈಗ ಬಳಕೆಯಲ್ಲಿದೆ.

ಮಾತ್ರೆಯೊಳಗಿನ ಫೋಲಿಕ್ ಆಮ್ಲದ ಹಿಂದೆ ಮುಂಬಯಿಯ ಒಂದು ಕಥೆಯಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಅಲ್ಲಿಗೆ ಬಂದು ಜವಳಿ ಗಿರಣಿಗಳ ಬಡ ಬಸುರಿಯರನ್ನು ಕಾಡುತ್ತಿದ್ದ ವಿಚಿತ್ರ ರಕ್ತಹೀನತೆಯ ಬೆನ್ನುಹತ್ತಿದಳು. ಅವರ ರಕ್ತಕಣಗಳು ಸಣ್ಣದಾಗುವ ಬದಲು ಊದಿಕೊಂಡಿದ್ದವು. ಹುದುಗಿನ ಸಾರದಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿದ್ದ ಹೆಸರಿಲ್ಲದ ವಸ್ತುವಿಗೆ ಆಮೇಲೆ ಫೋಲೇಟ್ ಎಂಬ ಹೆಸರು ಬಂದದ್ದು ಅದನ್ನು ಸೊಪ್ಪಿನ ಎಲೆಗಳಿಂದ ಬೇರ್ಪಡಿಸಿದ್ದರಿಂದ. ಅದರ ಇನ್ನೊಂದು ಕೆಲಸ 1991ರಲ್ಲಿ ಖಚಿತವಾಯಿತು: ಬಸುರಿಗೆ ಮುಂಚಿನಿಂದ ಫೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ಬೆನ್ನುಹುರಿಯ ನಾಳ ಮುಚ್ಚದೆ ಹುಟ್ಟುವ ಮಕ್ಕಳ ಸಂಖ್ಯೆ ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ ಇಳಿಯಿತು. ತೊಡಕಿರುವುದು ಕಾಲದಲ್ಲಿ. ಆ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ, ಮುಟ್ಟು ನಿಂತಿತೇ ಎಂಬ ಅನುಮಾನವಷ್ಟೇ ಇರುವ ಹೊತ್ತಿನಲ್ಲಿ. ನಾಲ್ಕನೇ ತಿಂಗಳಿನ ಮಾತ್ರೆಗೆ ಅಲ್ಲಿ ಕೆಲಸವೇ ಉಳಿದಿರುವುದಿಲ್ಲ. ಕಟ್ಟಾ ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಜೊತೆಗೂಡುತ್ತದೆ. ಹಾಲು ಮೊಸರು ಸಾಕಷ್ಟಿಲ್ಲದವರು ಅದನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕ್ಯಾಲ್ಸಿಯಂ ವಿಚಾರದಲ್ಲಿ ರಾಗಿಯ ನಾಡಿಗೆ ಒಂದು ಅನುಕೂಲವಿದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಎರಡು ಹೊತ್ತಿನ ಮುದ್ದೆ ಮತ್ತು ಎರಡು ಲೋಟ ಹಾಲಿನಿಂದ ದಿನದ ಸಾವಿರ ಮಿಲಿಗ್ರಾಂ ಹತ್ತಿರಕ್ಕೆ ಬರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದಲ್ಲಿ ಬಸುರಿನ ರಕ್ತದೊತ್ತಡದ ಅಪಾಯ ಹೆಚ್ಚು. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದದ್ದು ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಮಾತ್ರೆ, ಅಂದರೆ ಮೂರು ನಾಲ್ಕು ದಪ್ಪ ಗುಳಿಗೆ. ಅಷ್ಟು ಬೇಕೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ತಾಂಜಾನಿಯಾದ ಸಂಶೋಧಕರೂ ತಲಾ 11,000 ಚೊಚ್ಚಲ ಬಸುರಿಯರ ಮೇಲೆ ಪರೀಕ್ಷಿಸಿದರು. 2024ರ ಜನವರಿಯಲ್ಲಿ ಬಂದ ಫಲಿತಾಂಶದಂತೆ ರಕ್ತದೊತ್ತಡದ ಆ ತೊಂದರೆಯನ್ನು ತಡೆಯುವುದರಲ್ಲಿ 500 ಮಿಲಿಗ್ರಾಂ 1500ಕ್ಕೆ ಕಡಿಮೆಯಿಲ್ಲ.

ತೂಕದ ಇನ್ನೊಂದು ತುದಿಯ ಕಥೆ ಮೈಸೂರಿನದು. ಅಲ್ಲಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಪ್ಪ ಪುಸ್ತಕಗಳು ಉಳಿದುಬಂದಿದ್ದವು. ಬ್ರಿಟನ್ನಿನ ಸಂಶೋಧಕ ಡೇವಿಡ್ ಬಾರ್ಕರ್ ಬಳಗದ ಕೆರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚಿದ್ದುದು ನಿರೀಕ್ಷೆಯಂತೆಯೇ ಬಂತು. ಸಕ್ಕರೆ ಕಾಯಿಲೆ ಮಾತ್ರ ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಕಾಣಿಸಿತು. ತಾಯಿಗೇ ಬಸುರಿನಲ್ಲಿ ಸಕ್ಕರೆ ಏರಿತ್ತೇ ಎಂಬ ಶಂಕೆ ಮೂಡಿದ್ದು ಆಗ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಪಾರ್ಥೆನಾನ್ ಎಂಬ ಹೊಸ ಅಧ್ಯಯನ ಹೂಡಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಕಂಡಿತು. ಪುಣೆಯಲ್ಲಿ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಆ ಹೊತ್ತಿಗೆ ಇನ್ನೊಂದು ಸಂಗತಿ ಕಂಡಿದ್ದರು: ಇಂಗ್ಲೆಂಡಿನ ಕೂಸಿಗಿಂತ ಮುಕ್ಕಾಲು ಕೆ.ಜಿ. ಹಗುರವಾಗಿ, 2.7 ಕೆ.ಜಿ. ತೂಗುವ ಇಲ್ಲಿನ ಕೂಸಿನ ಮೈಯಲ್ಲಿ ಮಾಂಸಖಂಡ ಕಡಿಮೆಯಾದರೂ ಕೊಬ್ಬು ಅಷ್ಟೊಂದು ಕಡಿಮೆಯಿಲ್ಲ.

ಈಗಿನ ರಾಷ್ಟ್ರೀಯ ಕ್ರಮದಂತೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ. 140 ಮುಟ್ಟಿದರೆ ಸಕ್ಕರೆ ಕಾಯಿಲೆ. ಸೀಮಂತ, ಕುಬಸಗಳು ಬರುವುದೂ ಇದೇ ಹೊತ್ತಿಗೆ. ಆಸ್ಪತ್ರೆಯವರು ಸಿಹಿ ನಿಲ್ಲಿಸಿ ಎಂದ ವಾರವೇ ಬೀಗರು ಐದು ಬಗೆಯ ಸಿಹಿ ಹೊತ್ತು ತರುವುದು ಅಪರೂಪವಲ್ಲ. ಸಕ್ಕರೆ ಏರಿದವರು ಉಪವಾಸ ಬೀಳಬೇಕಿಲ್ಲ, ಅನ್ನ ಬಿಟ್ಟು ರಾಗಿಗೆ ಹಾರಿದರೆ ಎಲ್ಲ ಸರಿಯಾಯಿತೆಂದೂ ಅಲ್ಲ. ಮುದ್ದೆಯ ಗಾತ್ರ ಮುಖ್ಯ, ಮತ್ತು ಅದೇ ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ದಿನದ ಊಟವನ್ನು ಮೂರು ಹೊತ್ತಿನ ಬದಲು ಐದಾರು ಸಣ್ಣ ಪಾಲು ಮಾಡುವುದು, ತಟ್ಟೆಯ ಅರ್ಧ ತರಕಾರಿ ಸೊಪ್ಪು ತುಂಬುವುದು, ಉಂಡ ಮೇಲೆ ಅಂಗಳದಲ್ಲಿ ಹತ್ತಿಪ್ಪತ್ತು ನಿಮಿಷ ನಡೆಯುವುದು ಬಹಳ ಮಂದಿಗೆ ಸಾಕಾಗುತ್ತದೆ, ಸಾಲದವರಿಗೆ ಔಷಧಿ. ತೂಕ ಹೆಚ್ಚಿರುವವರಿಗೂ ಬಸುರಿನಲ್ಲಿ ತೂಕ ಇಳಿಸುವ ಪಥ್ಯ ಸಲ್ಲದು. ಏರಿಕೆ ನಿಧಾನವಾಗಿದ್ದರೆ ಆಯಿತು.

ತಿನ್ನಬಾರದ್ದರ ಪಟ್ಟಿ ಊರಿಗೊಂದು ಇದೆ. ಪರಂಗಿ, ಅನಾನಸ್, ಎಳ್ಳು ಎಲ್ಲ ಕಡೆಯ ಉಷ್ಣ ಪದಾರ್ಥಗಳು. ಪರಂಗಿಕಾಯಿಯ ಹಾಲು ಇಲಿಗಳ ಗರ್ಭಕೋಶವನ್ನು ಹಿಂಡುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ, ಹಾಗಾಗಿ ಕಾಯಿ ಬಿಡುವುದು ಸರಿ. ಚೆನ್ನಾಗಿ ಕಳಿತ ಹಣ್ಣಿನ ಮೇಲಿನ ಆರೋಪಕ್ಕೆ ಆಧಾರವಿಲ್ಲ. ಕೇಸರಿ ಹಾಲಿಗೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ, ಹಾಲಿನ ಲಾಭವಂತೂ ಇದ್ದೇ ಇದೆ. ಅತ್ತೆಯ ಪಟ್ಟಿಯಲ್ಲಿ ಇಲ್ಲದ ನಿಷೇಧಗಳೇ ಹೆಚ್ಚು ತೂಕದವು: ಹೊಗೆಸೊಪ್ಪು ಮತ್ತು ಕಡ್ಡಿಪುಡಿ ಮಗುವಿನ ತೂಕವನ್ನು ನೇರವಾಗಿ ಕುಗ್ಗಿಸುತ್ತವೆ, ಎಲೆಯಡಿಕೆಯೊಳಗಿನ ಅಡಿಕೆಯೂ ನಿರಪಾಯಿಯಲ್ಲ, ಹೆಂಡ ಹನಿಯೂ ಬೇಡ, ಕಾಯಿಸದ ಹಾಲು ಬೇಡ, ಕಾಫಿ ಎರಡು ಸಣ್ಣ ಲೋಟಕ್ಕೆ ನಿಲ್ಲಲಿ. ಕರಾವಳಿಯ ಬೂತಾಯಿ, ಬಂಗುಡೆ ಬಸುರಿಗೆ ಹೇಳಿ ಮಾಡಿಸಿದ ಮೀನುಗಳು. ಪಾದರಸ ಕೂಡಿಕೊಳ್ಳುವ ಶಾರ್ಕಿನಂಥ ದೊಡ್ಡ ಬೇಟೆ ಮೀನುಗಳನ್ನು ಬಿಡುವುದು ಕ್ಷೇಮ. ಮಣ್ಣು, ಬೂದಿ, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಆಸೆಯನ್ನು ಬಯಕೆಯೆಂದು ನಕ್ಕು ಬಿಡಬಾರದು. ರಕ್ತಹೀನತೆಯ ಜೊತೆಗೇ ಅದು ಬರುವುದು ಹೆಚ್ಚು, ಹಿಮೋಗ್ಲೋಬಿನ್ ನೋಡಿಸಬೇಕು.

ಇಷ್ಟೆಲ್ಲ ಒಂಬತ್ತು ತಿಂಗಳಲ್ಲಿ ಸರಿಪಡಿಸಬಹುದಾದ್ದು ಎಷ್ಟು ಎಂಬ ಪ್ರಶ್ನೆಗೆ ಮುಂಬಯಿಯ ಕೊಳೆಗೇರಿಗಳಲ್ಲಿ 2006ರಿಂದ ನಡೆದ ಸರಸ್ ಯೋಜನೆ ಉತ್ತರ ಹುಡುಕಿತು. ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಹೆಂಗಸರಿಗೆ ಬಸುರಿಗೆ ಮುಂಚಿನಿಂದಲೇ ದಿನಾ ಕೊಟ್ಟರು. ಒಟ್ಟಾರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಗರ್ಭ ಕಟ್ಟುವ ಮೂರು ತಿಂಗಳ ಮುಂಚೆಯಾದರೂ ತಿನ್ನತೊಡಗಿದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದರು, ಅದೂ ತೀರ ಸಣಕಲಲ್ಲದ ತಾಯಂದಿರಲ್ಲೇ ಹೆಚ್ಚು. ಬಸುರಿನ ಸಕ್ಕರೆ ಕಾಯಿಲೆ ಮಾತ್ರ ಗಣನೀಯವಾಗಿ ಇಳಿಯಿತು. ಬಸುರಿಯ ತಟ್ಟೆಯ ಚರ್ಚೆ ಹೀಗೆ ಹಿಂದಕ್ಕೆ ಸರಿದು ಹೈಸ್ಕೂಲು ಹುಡುಗಿಯ ಬುತ್ತಿಯ ತನಕ ಹೋಗುತ್ತದೆ. 2019–21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20–24ರ ವಯಸ್ಸಿನ ಐವರು ಹೆಂಗಸರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು, ತಾನೇ ಇನ್ನೂ ಬೆಳೆಯುತ್ತಿರುವ ಮೈ ಮಗುವಿನೊಡನೆ ಊಟ ಹಂಚಿಕೊಳ್ಳುತ್ತದೆ.

ಹೆರಿಗೆಯೊಡನೆ ಐದಾರು ಕೆ.ಜಿ. ಒಮ್ಮೆಲೇ ಇಳಿಯುತ್ತದೆ, ನೀರಿನ ಭಾಗ ಒಂದೆರಡು ವಾರದಲ್ಲಿ, ಕೂಡಿಟ್ಟ ಕೊಬ್ಬು ಮಾತ್ರ ಹಾಲೂಡಿಸುತ್ತ ತಿಂಗಳುಗಟ್ಟಲೆ ನಿಧಾನವಾಗಿ. ಹಾಲೂಡಿಸುವ ಮೊದಲ ಆರು ತಿಂಗಳು ಬೇಕಾಗುವ ಹೆಚ್ಚುವರಿ ಶಕ್ತಿ 600 ಕ್ಯಾಲೊರಿ, ಬಸುರಿನಲ್ಲಿ ಬೇಕಾದ್ದಕ್ಕಿಂತಲೂ ಜಾಸ್ತಿ. ಬಾಣಂತನದ ಪಥ್ಯ ಹಲವು ಮನೆಗಳಲ್ಲಿ ಇದಕ್ಕೆ ತಿರುಗುಮುರುಗು. ಅಂಟಿನುಂಡೆ, ತುಪ್ಪ, ಕೊಬ್ಬರಿಗಳ ಉಪಚಾರವಿದ್ದಲ್ಲಿ ಶಕ್ತಿಗೆ ಕೊರತೆಯಿಲ್ಲ, ಕೂತಲ್ಲೇ ಇರುವ ಪೇಟೆಯ ಬಾಣಂತಿ ತೂಕ ಇಳಿಸಿಕೊಳ್ಳುವ ಬದಲು ಏರಿಸಿಕೊಳ್ಳುವುದೂ ಉಂಟು. ಬಡ ಮನೆಯಲ್ಲಿ ಉಳಿಯುವುದು ನಿಷೇಧದ ಭಾಗವಷ್ಟೇ: ನೀರು ಕಡಿಮೆ, ಕಾಳು ವಾಯು, ಸೊಪ್ಪು ಹಣ್ಣು ಶೀತ, ತಟ್ಟೆಗೆ ಬಿಳಿ ಅನ್ನ ಮತ್ತು ಮೆಣಸಿನ ಸಾರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಕೆಲವು ವರ್ಷಗಳ ಹಿಂದೆ ವರದಿ ಮಾಡಿದ ಹಸುಗೂಸುಗಳು ಇಂಥ ಮನೆಗಳವು. ಎರಡು ಮೂರು ತಿಂಗಳ ಕೂಸುಗಳು ಏದುಸಿರು ಬಿಡುತ್ತ ಶ್ವಾಸಕೋಶದ ರಕ್ತದೊತ್ತಡ ಏರಿ ಬಂದಿದ್ದವು, ಹೃದಯದಲ್ಲಿ ಹುಟ್ಟುದೋಷ ಇರಲಿಲ್ಲ. ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟಾಗ ಬೇಗನೆ ಸುಧಾರಿಸಿದವು. ತಾಯಂದಿರು ಪಾಲಿಶ್ ಅಕ್ಕಿಯ ಪಥ್ಯದಲ್ಲಿದ್ದರು. ಹಾಲಿನಲ್ಲಿ ಆ ಸತ್ವ ಸಾಕಷ್ಟಿರಲಿಲ್ಲ. ಕುಚಲಕ್ಕಿ, ಬೇಳೆ, ಶೇಂಗಾ, ರಾಗಿಗಳಲ್ಲಿ ಅದು ಬೇಕಾದಷ್ಟಿದೆ, ಮತ್ತು ಅವುಗಳಲ್ಲಿ ಒಂದಾದರೂ ಆ ಮನೆಗಳ ಅಡುಗೆಕೋಣೆಯಲ್ಲಿ ಅಂದು ಇದ್ದಿರಲೇಬೇಕು.